ನಂಜುಂಡನ ಎಂಬೆಸಿ ನೌಕರಿ

ಕುಂದೂರಿನಲ್ಲಿ ಬಸ್ಸಿಳಿದ ದಿನ ನಂಜುಂಡ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ದ್ಯಾವಯ್ಯ ಕೂತಿದ್ದ. ಊರಿಗೆ ಬಂದವರನ್ನು ವಿಚಾರಿಸದೆ ಬಿಟ್ಟರೆ ದ್ಯಾವಯ್ಯನಿಗೆ ಉಂಡ ಮುದ್ದೆ ಅರಗುವುದಿಲ್ಲ.

"ಗಲ್ಫ್‌ನಾಗೆ ಏನ್ ಕೆಲ್ಸ ಮಾಡ್ತಿದ್ದೆ ಕಣೋ ಇಷ್ಟ್ ದಿನ?" ಎಂದು ಕೇಳಿದ.

"ಎಂಬೆಸೀಲಿ ಆಫೀಸ್ ಕೆಲ್ಸ, ಮಾವ." ನಂಜುಂಡನ ಬಾಯಿಂದ ಬಂದೇಬಿಟ್ಟಿತು.

ನಿಜ ಸಂಗತಿ ಬೇರೆ. ಡ್ರೈವರ್ ಕೆಲಸವೆಂದು ಹೋದವನನ್ನು ಅಲ್ಲಿಯ ಯಜಮಾನ ನೀರಿನ ಟ್ಯಾಂಕು ತೊಳೆಯಲು ಹಚ್ಚಿದ್ದ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದ. ಸಂಬಳ ಕೇಳಿದರೆ ಗದರುತ್ತಿದ್ದ. ಕಡೆಗೊಂದು ದಿನ ನಂಜುಂಡ ಗೋಡೆ ಹಾರಿ ಓಡಿ, ನಮ್ಮ ದೇಶದ ಎಂಬೆಸಿಯ ಗೇಟಿನ ಮುಂದೆ ಹೋಗಿ ಬಿದ್ದ. ಅವರು ಮೊದಲು ಅನ್ನ ಹಾಕಿದರು. ಓಡಿಬಂದ ಕೆಲಸಗಾರರಿಗೆಂದೇ ಇರುವ ದೊಡ್ಡ ಕೋಣೆಯಲ್ಲಿ ಮಲಗಲು ಜಾಗ ಕೊಟ್ಟರು. ಯಜಮಾನನ ಜೊತೆ ತಿಂಗಳುಗಟ್ಟಲೆ ಗುದ್ದಾಡಿ, ಕಾಗದಪತ್ರ ಮಾಡಿಸಿ ವಿಮಾನ ಹತ್ತಿಸಿದರು. ಅಲ್ಲಿ ನಂಜುಂಡ ಮಾಡಿದ ನೌಕರಿಯೆಂದರೆ ಅಡುಗೆಯವನಿಗೆ ಈರುಳ್ಳಿ ಹೆಚ್ಚಿಕೊಟ್ಟದ್ದು. ತಲೆತಗ್ಗಿಸುವಂಥ ತಪ್ಪನ್ನು ಅವನೇನೂ ಮಾಡಿರಲಿಲ್ಲ. ಆದರೂ ಬರಿಗೈಲಿ ಬಂದವನಿಗೆ ನಾಚಿಕೆಯಾಯಿತು, ಪಾಪ.

ಅಂದಿನಿಂದ ಊರಿಗೆಲ್ಲ ಅವನು ಎಂಬೆಸಿ ನಂಜುಂಡ. ಗ್ಯಾಸ್ ಸಿಲಿಂಡರ್ ತಡವಾದರೂ ಅವನ ಹತ್ತಿರ ಬರುತ್ತಿದ್ದರು, ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಬಿಟ್ಟುಹೋದರೂ ಬರುತ್ತಿದ್ದರು. ಮದುವೆ ಮನೆಗೆ ಹೋದರೆ ಕುರ್ಚಿ ಕೊಡುತ್ತಿದ್ದರು. ಆ ಕುರ್ಚಿಯಲ್ಲಿ ಅವನು ಮುಳ್ಳಿನ ಮೇಲೆ ಕೂತವನಂತೆ ಕೂರುತ್ತಿದ್ದ.

ಅಂಥದ್ದೇ ಒಂದು ಮದುವೆಯಲ್ಲಿ ಪಾಳ್ಯದ ಲಕ್ಕಪ್ಪನವರ ಮಗಳು ಚೈತ್ರಶ್ರೀ ಅವನ ಎಲೆಗೆ ಪಾಯಸ ಬಡಿಸುತ್ತಾ, "ಅಲ್ಲಿ ಊಟಗೀಟ ಒಗ್ತಿತ್ತಾ ನಿಮ್ಗೆ?" ಎಂದು ಕೇಳಿದ್ದಳು. ಗಲ್ಫಿಂದ ಬಂದವನನ್ನು ಸಂಬಳ ಕೇಳಿದವರಿದ್ದರು, ಸೆಂಟು ಕೇಳಿದವರಿದ್ದರು. ಊಟದ ವಿಚಾರ ಕೇಳಿದವಳು ಅವಳೊಬ್ಬಳೇ. ಮದುವೆಯಾದರೆ ಇವಳನ್ನೇ ಎಂದು ನಂಜುಂಡ ಅಲ್ಲೇ ತೀರ್ಮಾನಿಸಿದ. ಹುಡುಗ ಎಂಬೆಸಿಯವನು ಎಂದು ಲಕ್ಕಪ್ಪನವರೂ ಒಲಿದರು. ಮುಂದಿನ ಭಾನುವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬರುವುದೆಂದು ನಿಶ್ಚಯವಾಯಿತು.

ಭಾನುವಾರ ಬೆಳಿಗ್ಗೆ ಅವನ ತಾಯಿ ನಾಗರತ್ನಮ್ಮ ಕೇಸರಿಬಾತಿಗೆ ತುಪ್ಪ ಹಾಕುವ ಹೊತ್ತಿಗೆ ಸರಿಯಾಗಿ, ಮಗನ ಫೋನಿಗೆಂದು ಗುಡ್ಡಕ್ಕೆ ಹೋಗಿದ್ದ ಪಕ್ಕದ ಮನೆಯ ಗಂಗಾಮಣಿ ಸೆರಗು ಬಾಯಿಗಿಟ್ಟುಕೊಂಡು ಓಡಿಬಂದಳು.

"ನಂಜುಂಡಪ್ಪಾ, ನಮ್ ಪ್ರವೀಣನ್ನ ಉಳಿಸ್ಕೊಡಪ್ಪಾ! ಗಲ್ಫ್‌ನಾಗೆ ಯಜಮಾನ ಹೊರಗ್ ಹಾಕವ್ನಂತೆ. ಪಾಸ್‌ಪೋರ್ಟ್ ಕೊಡ್ಲಿಲ್ವಂತೆ. ನೆನ್ನೆಯಿಂದ ಉಂಡಿಲ್ವಂತೆ ಕಣಪ್ಪ ನನ್ ಮಗ!"

ಅವಳ ಹಿಂದೆಯೇ ದ್ಯಾವಯ್ಯ ಹಾಜರು. "ಅಳ್ಬ್ಯಾಡ ಸುಮ್ಕಿರವ್ವ. ನಮ್ಮ ನಂಜುಂಡ ಒಂದ್ ಫೋನ್ ಹೊಡೆದ್ರೆ ಎಂಬೆಸಿಯೋರು ಕಾರ್ ತಗೊಂಡು ಓಡ್‌ಬತ್ತಾರೆ."

"ಇವತ್ತು ಭಾನುವಾರ, ರಜಾ..." ಎಂದ ನಂಜುಂಡ.

"ಅಲ್ಲಿ ರಜಾ ಶುಕ್ರವಾರ ಅಂತ ನೀನೇ ಹೇಳಿದ್ದೆ ಮಾರಾಯ!" ಎಂದ ದ್ಯಾವಯ್ಯ.

ಅಷ್ಟರಲ್ಲಿ ಲಕ್ಕಪ್ಪನವರ ಓಮ್ನಿ ಅಂಗಳಕ್ಕೆ ಬಂದು ನಿಂತಿತು. ಇಸ್ತ್ರಿ ಮಾಡಿದ ಪಂಚೆ ಎತ್ತಿಕೊಂಡು ಇಳಿದ ಲಕ್ಕಪ್ಪನವರಿಗೆ ದ್ಯಾವಯ್ಯ ಚಪ್ಪಲಿ ಬಿಡಲೂ ಬಿಡದೆ ಸಂಗತಿಯನ್ನೆಲ್ಲ ಒಪ್ಪಿಸಿದ. ಅವರಿಗೆ ಪರಮ ಸಂತೋಷವಾಯಿತು. "ಮನೆ ಎಲ್ಲಿಗೋಯ್ತದೆ, ಆಮೇಲ್ ನೋಡಿದ್ರಾಯ್ತು. ಮೊದ್ಲು ನಿಮ್ ಫೋನ್ ನೋಡಾಣ" ಎಂದರು.

"ಇಲ್ಲಿ ನೆಟ್‌ವರ್ಕ್ ಇಲ್ಲ. ಎಸ್ಟೇಟಿನ ಕಣಕ್ಕೆ ಹೋಗ್ಬೇಕು." ಒಬ್ಬನೇ ಹೋಗಿ ಬಂದುಬಿಡೋಣವೆಂದು ನಂಜುಂಡ ಆಸೆಪಟ್ಟಿದ್ದ. ಎಲ್ಲರೂ ಹೊರಟರು. ಗುಡ್ಡದ ದಾರಿಯಲ್ಲಿ ಮುಂದೆ ನಂಜುಂಡ, ಹಿಂದೆ ದಿಬ್ಬಣ.

ಕಣದಲ್ಲಿ ಕಾಫಿ ಹರವಿತ್ತು. ಅದರ ಅಂಚಿನಲ್ಲಿ ಎಲ್ಲರೂ ಸಾಲಾಗಿ ನಿಂತು ಅವನ ಬಾಯನ್ನೇ ನೋಡಿದರು. ನಂಜುಂಡ ಯಾವ ನಂಬರನ್ನೂ ಒತ್ತದೆ ಫೋನನ್ನು ಕಿವಿಗಿಟ್ಟುಕೊಂಡ.

"ಹಲೋ ಸಾಬ್, ನಮಸ್ತೇ ಸಾಬ್! ಮೈ ನಂಜುಂಡ ಹೂಂ ಸಾಬ್! ಹಾಂಜೀ, ಹಾಂಜೀ, ಮೇರಾ ಆದ್ಮೀ ಸಾಬ್!" ಎಂದು ಕೂಗಿದ. ಉತ್ತರವೇ ಇಲ್ಲದ ಫೋನಿಗೆ ಒಮ್ಮೆ ನಕ್ಕೂ ನಕ್ಕ.

"ನೋಡುದ್ರಾ, ಸಾಹೇಬ್ರ ಜೊತೆ ನಕ್ಕೊಂಡು ಮಾತಾಡ್ತನೆ" ಎಂದು ದ್ಯಾವಯ್ಯ ಲಕ್ಕಪ್ಪನವರ ಪಕ್ಕೆ ತಿವಿದ.

"ಆಯ್ತು ಗಂಗಕ್ಕ. ನೋಡ್ಕೋತಾರಂತೆ" ಎಂದು ನಂಜುಂಡ ಫೋನ್ ಜೇಬಿಗಿಳಿಸಿದ್ದೇ ತಡ, ಗಂಗಾಮಣಿ ಬಗ್ಗಿ ಅವನ ಎರಡೂ ಕಾಲು ಹಿಡಿದುಕೊಂಡುಬಿಟ್ಟಳು. ಅವಳ ಕಣ್ಣೀರು ಅವನ ಪಾದಕ್ಕೆ ಬಿಸಿಯಾಗಿ ತಗುಲಿತು.

ಅಂಥ ನಾಚಿಕೆ ನಂಜುಂಡನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಯಜಮಾನ ಎಲ್ಲರೆದುರು ಚಪ್ಪಲಿ ಎಸೆದಾಗಲೂ ಆಗಿರಲಿಲ್ಲ. ಅಲ್ಲಿ ಆ ಹುಡುಗ ಹಸಿದುಕೊಂಡು ಬೀದಿಯಲ್ಲಿ ನಿಂತಿದ್ದಾನೆ, ಇಲ್ಲಿ ತಾನು ಅವನ ತಾಯಿಯೆದುರು ನಾಟಕ ಆಡುತ್ತಿದ್ದೇನೆ! "ಒಂದ್ ನಿಮಿಷ, ನೀರು ಬಿಟ್ಟು ಬತ್ತೀನಿ" ಎಂದು ಕಿರುಬೆರಳೆತ್ತಿ ತೋರಿಸಿ ಕಾಫಿ ಗಿಡಗಳ ಮರೆಗೆ ಓಡಿದ. ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಈ ಸಲ ನಿಜವಾಗಿಯೇ ಪ್ರವೀಣನಿಗೆ ಫೋನ್ ಮಾಡಿದ.

"ಲೋ ಪ್ರವೀಣ, ಕೇಳಿಸ್ಕೋ. ಯಾವ ಏಜೆಂಟ್ ಹತ್ರಾನೂ ಹೋಗ್ಬೇಡ. ಸೀದಾ ಎಂಬೆಸಿ ಗೇಟಿಗೆ ಹೋಗು. ಪಾಸ್‌ಪೋರ್ಟ್ ಇಲ್ಲ ಅಂತ ಹೆದರ್ಬೇಡ, ಮೊಬೈಲಲ್ಲಿ ಫೋಟೋ ಇದ್ರೆ ತೋರ್ಸು. ಕೆಲಸಗಾರರ ಕೌಂಟರ್ ಎಲ್ಲಿ ಅಂತ ಕೇಳು. ಉಂಡಿಲ್ಲ ಅಂತ ಮೊದ್ಲೇ ಹೇಳ್ಬುಡು, ನಾಚ್ಕೊಬೇಡ. ಮೊದ್ಲು ಅನ್ನ ಹಾಕ್ತಾರೆ, ಆಮೇಲೆ ಹೆಸರು ಕೇಳ್ತಾರೆ. ಮಲಗಕ್ಕೂ ಜಾಗ ಕೊಡ್ತಾರೆ."

"ನಿಂಗೆ ಹೆಂಗಣ್ಣ ಇದೆಲ್ಲ ಗೊತ್ತು?"

ನಂಜುಂಡ ಗಿಡದ ಸಂದಿನಿಂದ ಕಣದ ಕಡೆ ನೋಡಿ ದನಿ ತಗ್ಗಿಸಿದ. "ನಾನೂ ಅಲ್ಲೇ ಬಿದ್ದಿದ್ದೋನು ಕಣೋ. ಎಂಬೆಸಿ ಕೆಲ್ಸ ಅಂದಿದ್ದೆಲ್ಲ ಸುಳ್ಳು. ಯಾರ್ಗೂ ಹೇಳ್ಬೇಡ, ನಿನ್ ದಮ್ಮಯ್ಯ. ಇವತ್ತು ಹೆಣ್ಣಿನೋರು ಬಂದವ್ರೆ."

"ನಿನ್ ಹೆಸ್ರು ಎತ್ತಲ್ಲ ಬುಡಣ್ಣ. ಆದ್ರೆ ಅಮ್ಮಂಗೆ ನಾನ್ ಏನಂತ ಹೇಳ್ಲಿ? ಓಡ್‌ಬಂದು ಬಿದ್ದಿದೀನಿ ಅಂದ್ರೆ ಎದೆ ಒಡ್ಕೊತಾಳೆ."

"ಮರ್ಯಾದೆ ಹೋಗ್ದಂಗೆ ಏನಾರ ಹೇಳ್ಕೊ ಮಾರಾಯ!" ಎಂದು ನಂಜುಂಡ ಫೋನಿಟ್ಟ.

ಮನೆಗೆ ಮರಳಿ ಊಟವಾಯಿತು. ಲಕ್ಕಪ್ಪನವರು ಮನೆ ನೋಡಿದರು, ಕೊಟ್ಟಿಗೆ ನೋಡಿದರು, ಕೇಸರಿಬಾತು ಎರಡು ಸಲ ಹಾಕಿಸಿಕೊಂಡರು. "ನಮ್ಗೆ ಒಪ್ಗೆ ಅಂತ್ಲೇ ಇಟ್ಕೊಳಿ. ಆ ಹುಡ್ಗನ ಸುದ್ದಿ ಒಂದ್ ಗೊತ್ತಾಗ್ಬುಡ್ಲಿ, ಒಳ್ಳೇ ಶಕುನದಾಗೆ ಎಲೆ ಅಡಿಕೆ ಬದಲಾಯ್ಸಾಣ" ಎಂದರು. ಸಂಜೆಗೆ ಎಲ್ಲರೂ ಮತ್ತೆ ಕಣ ಹತ್ತಿದರು.

ಗಂಗಾಮಣಿಯ ಫೋನಿಗೆ ವಿಡಿಯೋ ಕಾಲ್ ಬಂತು. ಪ್ರವೀಣ ಸ್ನಾನ ಮಾಡಿ, ತಲೆ ಬಾಚಿ, ಯಾರೋ ಕೊಟ್ಟ ಬಿಳಿ ಶರ್ಟು ಹಾಕಿಕೊಂಡು ನಿಂತಿದ್ದ. ಬೆನ್ನ ಹಿಂದೆ ರಾಷ್ಟ್ರಧ್ವಜ. ಟೈ ಕಟ್ಟಿದ ಅಧಿಕಾರಿಯೊಬ್ಬರು ಹಾದುಹೋಗುತ್ತಾ ಅವನ ಹೆಗಲು ತಟ್ಟಿ ಹೋದರು.

"ಅಮ್ಮಾ, ಚೆನ್ನಾಗ್ ಉಂಡೆ ಕಣಮ್ಮ. ಇನ್ನೊಂದ್ ಸುದ್ದಿ, ನಂಗೆ ಎಂಬೆಸೀಲೇ ಕೆಲ್ಸ ಆಗ್ಬುಡ್ತು! ಕ್ವಾಟ್ರಸ್ಸೂ ಕೊಟ್ಟವ್ರೆ!"

ಕಣದ ತುಂಬ ಉಘೇ ಎಂದರು. ಲಕ್ಕಪ್ಪನವರು ಮಾತ್ರ ಫೋನಿನೊಳಗಿನ ಧ್ವಜವನ್ನೂ ಬಿಳಿ ಶರ್ಟನ್ನೂ ದಿಟ್ಟಿಸಿ ನೋಡಿದರು. ಕಾಲ್ ಮುಗಿದ ಮೇಲೆ ಗಂಗಾಮಣಿಯ ಕಡೆ ತಿರುಗಿ, "ನಿಮ್ ಹುಡ್ಗಂಗೆ ಮದ್ವೆ ಆಗೈತಾ ತಾಯಿ?" ಎಂದರು.

ನಂಜುಂಡ ಇಬ್ಬರ ನಡುವೆ ಬಂದು ನಿಂತ. "ಯಜಮಾನ್ರೆ, ಈಗ ತಾನೆ ಒಪ್ಗೆ ಅಂದ್ರಿ!"

"ಬೇಜಾರ್ ಮಾಡ್ಕೋಬೇಡಿ ನಂಜುಂಡಪ್ಪ. ನಿಮ್ದು ಬಿಟ್ಟು ಬಂದಿರೋ ಕೆಲ್ಸ, ಅವನ್ದು ಇರೋ ಕೆಲ್ಸ. ಹೆಣ್ ಹೆತ್ತೋನು ಯೋಚ್ನೆ ಮಾಡ್ಬೇಕಲ್ವಾ?"

ಊಟ ಒಗ್ಗುತ್ತಿತ್ತಾ ಎಂದು ಕೇಳಿದ ಹುಡುಗಿಯನ್ನು ಹೀಗೆ ಕಳಿಸಿಬಿಡುವುದೇ? ಅದೂ ತಾನೇ ಹೇಳಿಕೊಟ್ಟ ಸುಳ್ಳಿಗೆ? ನಂಜುಂಡ ಮಾನ ಮರ್ಯಾದೆಯನ್ನೆಲ್ಲ ಕಣದ ಆಚೆ ಎಸೆದ.

"ಅದು ಕೆಲ್ಸ ಅಲ್ಲ! ಓಡ್‌ಬಂದೋರಿಗೆ ಅನ್ನ ಹಾಕಿ ಇಟ್ಕೊಳೋ ಜಾಗ ಅದು! ನಂಗೂ ಅಲ್ಲಿ ಯಾವ ಆಫೀಸ್ ಕೆಲ್ಸಾನೂ ಇರ್ಲಿಲ್ಲ. ನಾನೂ ಹಂಗೇ ಹೋಗಿ ಬಿದ್ದಿದ್ದೆ. ಈರುಳ್ಳಿ ಹೆಚ್ಚಿಕೊಂಡಿದ್ದೆ. ಬೆಳಿಗ್ಗೆ ಫೋನಲ್ಲಿ ಆ ಕಡೆ ಯಾರೂ ಇರ್ಲಿಲ್ಲ!"

ನಾಗರತ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದ್ಯಾವಯ್ಯ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದ.

"ನಿಂದು ಸುಳ್ಳು ಅಂತ ನಂಗೆ ಮೊದ್ಲೇ ಅನುಮಾನ ಇತ್ತು ಬುಡು. ಆದ್ರೆ ಹೊಟ್ಟೆಕಿಚ್ಚಿಗೆ ಆ ಹುಡ್ಗನ ಕೆಲ್ಸಾನೂ ಸುಳ್ಳು ಅಂತೀಯಲ್ಲೋ? ಬಾವುಟ ಸುಳ್ಳಾ? ಟೈ ಕಟ್ದೋರು ಹೆಗಲು ತಟ್ಟಿದ್ದು ಸುಳ್ಳಾ? ನಾವೇ ಕಣ್ಣಾರೆ ನೋಡಿಲ್ವಾ?"

"ಹೌದೌದು" ಎಂದರು ಎಲ್ಲರೂ. ಲಕ್ಕಪ್ಪನವರು ಪಂಚೆ ಕೊಡವಿಕೊಂಡು ಗಂಗಾಮಣಿಯ ಮನೆಯ ಕಡೆ ಇಳಿಯತೊಡಗಿದರು. ಅವರ ಕಡೆಯವರೂ ಹಿಂದೆಯೇ ನಡೆದರು.

ಗಂಗಾಮಣಿ ಮಾತ್ರ ಒಂದು ಗಳಿಗೆ ನಿಂತಳು. ಬೆಳಿಗ್ಗೆ ಕಾಲು ಹಿಡಿದ ಕೈಯಿಂದಲೇ ನಾಗರತ್ನಮ್ಮನ ಕೈ ಹಿಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಮರುಕವಿತ್ತು. ಅದನ್ನು ಕಂಡು ನಂಜುಂಡ ನೆಲ ನೋಡಿದ.

"ಅಳ್ಬ್ಯಾಡ ನಾಗರತ್ನಕ್ಕ" ಎಂದಳು. "ನಮ್ ಪ್ರವೀಣಂಗೆ ಹೇಳಿ, ನಿನ್ ಮಗಂಗೂ ಅಲ್ಲೇ ಒಂದ್ ಕೆಲ್ಸ ಕೊಡುಸ್ತೀನಿ."