ಸ್ಟಾರ್ಟರಿಗೆ ಹೊದಿಸಿದ ಚೀಲ

ಆರ್ವಿಲ್ ಟಟಲ್‌ನ ಹಳೇ ಕಾರಿಗೆ ಇದ್ದದ್ದು ಒಂದೇ ಒಂದು ಕೆಟ್ಟ ಚಾಳಿ. ತಣ್ಣಗಿದ್ದಾಗ ಕೀ ತಿರುಗಿಸಿದರೆ ಸಾಕು, ಬೀದಿಯೆಲ್ಲ ನಡುಗುವಂತೆ ಎದ್ದು ಕೂರುತ್ತಿತ್ತು. ಬಿಸಿಯಾದ ಮೇಲೆ ನಿಲ್ಲಿಸಿದರೆ ಮಾತ್ರ ‘ಟಕ್’ ಎಂದು ಒಮ್ಮೆ ಲೊಚಗುಟ್ಟಿ ಸುಮ್ಮನಾಗುತ್ತಿತ್ತು. ಮುಕ್ಕಾಲು ಗಂಟೆ ಆರುವ ತನಕ ಯಾರಪ್ಪನ ಮಾತನ್ನೂ ಕೇಳುತ್ತಿರಲಿಲ್ಲ. ಪಾಪ, ತಪ್ಪು ಕಾರಿನದಲ್ಲ. ಸದ್ದು ಗಡಸಾಗಲಿ ಎಂದು ಆರ್ವಿಲನೇ ಹಾಕಿಸಿದ ದಪ್ಪ ಹೊಗೆಕೊಳವೆಗಳು ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟರಿಗೆ ಅಂಟಿಕೊಂಡಂತೆ ಹಾದುಹೋಗಿ, ಅದನ್ನು ಹುರಿದು ಹಾಕುತ್ತಿದ್ದವು.

ಹೋದ ವಾರ ಹೆಂಡತಿ ನಡೀನಳ ಚಿಕ್ಕಪ್ಪನನ್ನು ಮಣ್ಣುಮಾಡುವಾಗ, ಮತ್ತೆ ಸ್ಟಾರ್ಟ್ ಆಗದಿದ್ದರೆ ಎಂಬ ಹೆದರಿಕೆಯಿಂದ ಆರ್ವಿಲ್ ಎಂಜಿನ್ ಆರಿಸಲೇ ಇಲ್ಲ. ಪಾದ್ರಿಯ ಪ್ರಾರ್ಥನೆ ಒಬ್ಬರ ಕಿವಿಗೂ ಬೀಳಲಿಲ್ಲ. ಮನೆಗೆ ಬಂದವಳೇ ನಡೀನ್ ‘ಕಾರು ಮಾರಾಟಕ್ಕಿದೆ’ ಎಂದು ಜಾಹೀರಾತು ಕೊಟ್ಟಳು. ಈ ಭಾನುವಾರ ನಾಲ್ಕು ಗಂಟೆಗೆ ಪಕ್ಕದೂರಿನವನೊಬ್ಬ ಕೊಳ್ಳಲು ಬರುವವನಿದ್ದ.

“ಕೊನೇ ಅವಕಾಶ ಕೊಡ್ತೀನಿ,” ಅಂದಳು ಬೆಳಗ್ಗೆ. “ಚರ್ಚಿನ ಊಟಕ್ಕೆ ಇದ್ರಲ್ಲೇ ಹೋಗೋಣ. ನಿಲ್ಸಿದ ಹತ್ತು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಆಗ್ಬೇಕು. ಆದ್ರೆ ಮಾರಲ್ಲ. ಆಗ್ಲಿಲ್ಲ ಅಂದ್ರೆ ನೀನು ತುಟಿ ಪಿಟಕ್ ಅನ್ನಬಾರ್ದು.”

ಆರ್ವಿಲ್ ಕಿಟಕಿಯಿಂದ ಕಾರಿನತ್ತ ನೋಡಿದ. ಇಪ್ಪತ್ತೆರಡು ವರ್ಷ ಸಾಕಿದ ಕಾರು! ಅವಳು ಸ್ನಾನಕ್ಕೆ ಹೋದದ್ದೇ ತಡ, ಅಡುಗೆಮನೆಯಲ್ಲಿ ತಡಕಾಡಿದ. ಚರ್ಚಿನ ಊಟಕ್ಕೆ ಮನೆಗೊಂದು ಅಡುಗೆ ಒಯ್ಯುವುದು ವಾಡಿಕೆ. ಅದಕ್ಕೆಂದೇ ನಡೀನಳ ಬಳಿ ಒಳಗೆ ಬೆಳ್ಳಿಹಾಳೆಯಿದ್ದ ದಪ್ಪ ಚೀಲವೊಂದಿತ್ತು. ಅವಳ ತಾಯಿ ಅದರ ಮೇಲೆ ಮಗಳ ಹೆಸರನ್ನು ಕಸೂತಿ ಹಾಕಿಕೊಟ್ಟಿದ್ದಳು. ನಾಲ್ಕು ತಾಸು ಬಿಸಿಯನ್ನು ಹೊರಗೆ ಬಿಡದ ಚೀಲ ಬಿಸಿಯನ್ನು ಒಳಗೆ ಮಾತ್ರ ಬಿಟ್ಟೀತೇ? ಆರ್ವಿಲ್ ಅದರ ಹೊಲಿಗೆ ಬಿಚ್ಚಿ, ಕಾರಿನಡಿಗೆ ತೂರಿ, ಸ್ಟಾರ್ಟರಿಗೆ ಎರಡು ಸುತ್ತು ಸುತ್ತಿ ತಂತಿ ಬಿಗಿದ.

“ನನ್ನ ಚೀಲ ಎಲ್ಲಿ?” ಎಂದಳು ನಡೀನ್, ಚೀಸ್ ಹಾಕಿ ಬೇಯಿಸಿದ ಕೋಳಿಯ ಪಾತ್ರೆ ಹಿಡಿದು.

“ವರ್ನಾ ತಗೊಂಡಿದ್ಲಲ್ಲ?” ಆರ್ವಿಲನ ಬಾಯಿಗೆ ಬಂದದ್ದು ಪಕ್ಕದ ಮನೆಯವಳ ಹೆಸರು.

ಆಗಸ್ಟಿನ ಟೆಕ್ಸಸ್ ಬಿಸಿಲು ಬೆಂಕಿ ಸುರಿಯುತ್ತಿತ್ತು. ಚರ್ಚಿನ ಅಂಗಳದಲ್ಲಿ ಕಾರು ನಿಂತದ್ದೇ ನಡೀನ್ ಇಳಿದು ನೆಟ್ಟಗೆ ವರ್ನಾಳ ಬಳಿಗೆ ಹೋದಳು. ಪಂದ್ಯದ ಸುದ್ದಿ ಕೇಳಿದ ಪಾದ್ರಿ, ಮಣ್ಣಿನ ದಿನದ ಸಿಟ್ಟು ತೀರಿಸಿಕೊಳ್ಳುವವರಂತೆ ಗಡಿಯಾರ ಹಿಡಿದು ನಿಂತರು.

“ಸ್ಟಾರ್ಟರ್ ಮೇಲೆ ಒದ್ದೆ ಬಟ್ಟೆ ಹಾಕೋ,” ಎಂದ ವರ್ನಾಳ ಗಂಡ ಹಾರ್ಲನ್. “ಇಲ್ಲ ಸುತ್ತಿಗೇಲಿ ಎರಡು ತಟ್ಟು. ನಮ್ಮಪ್ಪ ಹಾಗೇ ಮಾಡ್ತಿದ್ದ.”

“ನಿಮ್ಮಪ್ಪ ಊರೆಲ್ಲ ನಡಕೊಂಡೇ ಓಡಾಡ್ತಿದ್ದ ಮಾರಾಯ!” ಎಂದ ಆರ್ವಿಲ್.

ಅಷ್ಟರಲ್ಲಿ ಆ ಕಡೆ ಗಲಾಟೆ ಶುರುವಾಗಿತ್ತು.

“ನಾನ್ಯಾಕೆ ನಿನ್ನ ಚೀಲ ಕದೀಲಿ?” ವರ್ನಾ ಕೂಗಿದಳು.

“ಕದ್ದೆ ಅಂದ್ನಾ? ತಗೊಂಡು ವಾಪಸ್ ಕೊಟ್ಟಿಲ್ಲ ಅಂದೆ!”

“ಎರಡೂ ಒಂದೇ ಕಣೇ! ಮೂವತ್ತು ವರ್ಷ ಪಕ್ಕದಲ್ಲಿದ್ದು ಇದಾ ಮರ್ಯಾದೆ?”

ಬಡಿಸುವವರು ಸೌಟು ಹಿಡಿದಲ್ಲೇ ನಿಂತರು. ಆಗ ಘಮ್ಮೆಂದು ಚೀಸ್ ಕರಗುವ ವಾಸನೆ ಬಂತು. ಎಲ್ಲರೂ ಊಟದ ಮೇಜಿನ ಕಡೆ ನೋಡಿದರು; ವಾಸನೆ ಅಲ್ಲಿಂದಲ್ಲ. ಪಾದ್ರಿ ಮೂಗರಳಿಸುತ್ತ ಕಾರಿನ ಹತ್ತಿರ ಬಂದು ನಿಂತರು. ವರ್ಷಗಳಿಂದ ಚೀಲದ ಮೂಲೆಯಲ್ಲಿ ಸೇರಿಕೊಂಡಿದ್ದ ಚೀಸೆಲ್ಲ ಈಗ ಬಾನೆಟ್ಟಿನಡಿ ಬೇಯುತ್ತಿತ್ತು.

ಆರ್ವಿಲ್ ಅಡ್ಡ ಬರುವ ಮೊದಲೇ ಹಾರ್ಲನ್ ಬಾನೆಟ್ ಎತ್ತಿದ. ಪಾದ್ರಿ ಬಗ್ಗಿ, ಕೆಳಗೆ ಇಣುಕಿ, ಸ್ಪಷ್ಟವಾಗಿ ಓದಿದರು: “ನಡೀನ್.”

ನಡೀನಳ ಮುಖ ಕೆಂಪಾಗಿ, ಬಿಳಿಯಾಗಿ, ಮತ್ತೆ ಕೆಂಪಾಯಿತು. ವರ್ನಾ ಸೊಂಟದ ಮೇಲೆ ಕೈಯಿಟ್ಟಳು. ಆರ್ವಿಲನಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು.

“ಹತ್ತು ನಿಮಿಷ ಆಯ್ತು,” ಎಂದರು ಪಾದ್ರಿ.

“ಸ್ಟಾರ್ಟ್ ಮಾಡು,” ಎಂದಳು ನಡೀನ್.

ಆರ್ವಿಲ್ ಕೀ ತಿರುಗಿಸಿದ. ಗುಡುಗುಡು ಎಂದು ಒಂದೇ ಏಟಿಗೆ ಎಂಜಿನ್ ಎದ್ದಿತು! ಆರ್ವಿಲ್ ತಾನೇ ಬೆಚ್ಚಿಬಿದ್ದ. ಪಾದ್ರಿಯೇ ಮೊದಲು ಚಪ್ಪಾಳೆ ತಟ್ಟಿದರು.

ನಡೀನ್ ಫೋನು ತೆಗೆದು, ಕೊಳ್ಳುವವನಿಗೆ ಬರಬೇಡಿ ಎಂದಳು. ಆರ್ವಿಲನ ಕಣ್ಣು ತುಂಬಿ ಬಂತು. ಅವಳು ಬಾಗಿಲು ತೆಗೆದು, “ಇಳಿ,” ಎಂದಳು.

“ಯಾಕೆ?”

“ಮಾರಲ್ಲ ಅಂದೆ, ಮಾರಲ್ಲ. ಎಲ್ಲಿ ಕೈ ಕೊಡುತ್ತೋ ಅಂತ ಇಪ್ಪತ್ತೆರಡು ವರ್ಷ ನಾನು ಇದನ್ನ ಓಡಿಸಿರ್ಲಿಲ್ಲ. ಈಗ ಆ ಭಯ ಇಲ್ವಲ್ಲ, ಇನ್ನು ಇದು ನಂಗಿರ್ಲಿ. ಬಾರೇ ವರ್ನಾ, ನಿನ್ನ ಮೇಲೆ ಕೂಗಾಡಿದ್ದಕ್ಕೆ ಪೇಟೇಲಿ ಊಟ ಕೊಡಿಸ್ತೀನಿ.”

ವರ್ನಾ ಮುಖ ಊದಿಸಿಕೊಂಡೇ ಹತ್ತಿ ಕುಳಿತಳು. ಕಾರು ಧೂಳೆಬ್ಬಿಸಿ ಹೋಯಿತು. ಅಂಗಳದಲ್ಲಿ ಇಬ್ಬರು ಗಂಡಂದಿರು ಬಾಯಿ ಬಿಟ್ಟುಕೊಂಡು ನಿಂತರು.

“ಈಗೇನೋ ಮಾಡ್ತೀಯ?” ಎಂದ ಹಾರ್ಲನ್.

“ಮನೆಗೆ ಬರ್ಲಿ. ಆ ಚೀಲ ಕಿತ್ತೆಸೀತೀನಿ. ಸ್ಟಾರ್ಟ್ ಆಗ್ದೆ ಬೇಜಾರಾಗಿ ನಂಗೇ ವಾಪಸ್ ಕೊಡ್ತಾಳೆ.”

“ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಮಾರ್ತಾಳಲ್ಲೋ!”

ಆರ್ವಿಲ್ ಕಾರು ಎಬ್ಬಿಸಿದ ಧೂಳಿನ ಕಡೆಗೇ ನೋಡಿದ. ಹಾರ್ಲನ್ ಊಟಕ್ಕೆ ತಟ್ಟೆ ತರಲು ಹೋದ.