ತೊಟ್ಟಿಲಲ್ಲಿ ಬಚ್ಚಿಟ್ಟ ನಕ್ಷೆ

ಸಿನಿಮಾದಲ್ಲಿ ನಡೆದ ಅಪರಾಧವೂ ಅಪರಾಧವೇ ಎಂದು ಕಲಘಟಗಿಯ ಪರಂಪರೆ ಜಾಗೃತಿ ಕಚೇರಿ ಕಳೆದ ಶ್ರಾವಣದಲ್ಲಿ ತೀರ್ಮಾನಿಸಿತು.

ಕಾರಣ, ಆ ಕಚೇರಿಯೇ ಊರವರಿಗೆ ತೋರಿಸಿದ ೧೯೫೭ರ ಒಂದು ಕಪ್ಪುಬಿಳುಪು ಪತ್ತೇದಾರಿ ಚಿತ್ರ. ಅದರಲ್ಲೊಬ್ಬ ಗೂಢಚಾರ ಪೋಸ್ಟ್ ಮಾಸ್ತರನನ್ನು ಕೊಂದು, ಸೇತುವೆಯ ನಕ್ಷೆ ಕದ್ದು, ತೊಟ್ಟಿಲಲ್ಲಿ ಮಲಗಿದ ಕೂಸಿನ ಕೆಳಗೆ ಬಚ್ಚಿಡುತ್ತಾನೆ. ಕೊನೆಯ ರೀಲು ಕಳೆದುಹೋಗಿದ್ದರಿಂದ ಆರೋಪಿ ತಲೆಮರೆಸಿಕೊಂಡಿದ್ದಾನೆ ಎಂದು ದಾಖಲಿಸಲಾಯಿತು.

ತೊಟ್ಟಿಲು ಮಾತ್ರ ಸಿಕ್ಕಿತು. ದೇವಿಕೊಪ್ಪದ ಮೈಲಾರವ್ವನ ಅಪ್ಪ ಅದನ್ನು ತಾನೇ ಮಾಡಿ ಶೂಟಿಂಗಿಗೆ ಕೊಟ್ಟಿದ್ದ. ಒಳಗಿದ್ದ ಮೂರು ತಿಂಗಳ ಕೂಸು ಮೈಲಾರವ್ವನೇ. ಪ್ರದರ್ಶನದ ದಿನ ಎದ್ದು ನಿಂತು ಇದನ್ನು ಹೆಮ್ಮೆಯಿಂದ ಹೇಳಿದವಳೂ ಅವಳೇ. ಮರುದಿನ ತೊಟ್ಟಿಲು ಜಪ್ತಿಯಾಯಿತು. ಮೊಮ್ಮಗಳು ಸುಧಾರಾಣಿ ಹೆತ್ತು ಆಗ ಒಂಬತ್ತು ದಿನ. ಆ ಮನೆಯ ಮೂರು ತಲೆಮಾರಿನ ಕೂಸುಗಳಿಗೆ ಹೆಸರಿಟ್ಟಿದ್ದು ಅದರಲ್ಲೇ. ಹದಿಮೂರನೇ ದಿನ ಈ ಕೂಸಿಗೂ ಇಡಬೇಕಿತ್ತು.

ಅಧಿಕಾರಿ ಈರೇಶ ಅವರು ಮೈಲಾರವ್ವನ ವಿಚಾರಣೆ ನಡೆಸಿದರು.

“ಆ ಮನಶ್ಯಾ ನಕ್ಷಾ ಇಡೂ ಮುಂದ ನೀವ್ಯಾಕ ಅಳಲಿಲ್ರಿ ಯಮ್ಮಾ?”

“ಮೂರ ತಿಂಗಳ ಕೂಸರಿ ಸಾಹೇಬ್ರ. ನಿದ್ದಿ ಹತ್ತಿತ್ತು.”

“ನಿದ್ದಿ ಹತ್ತಿತ್ತು ಅನ್ನಾಕ ದಾಖಲಿ ಐತೇನ್ರಿ?”

ಇರಲಿಲ್ಲ.

“ಸಿನಿಮಾದಾಗ ತೊಟ್ಲ ಕರೀ-ಬಿಳೇ ಐತಿ. ಈಗ ನೋಡಿದ್ರ ಕೆಂಪು, ಹಸರು, ಹಳದಿ. ಪುರಾವಾಕ್ಕ ಬಣ್ಣಾ ಹಚ್ಚಿದವರ್ಯಾರ್ರಿ?”

“ನಮ್ಮಪ್ಪರಿ. ಅರಗಿನ ಬಣ್ಣ. ಸಿನಿಮಾಕ್ಕಿಂತ ಮೊದಲ ಹಚ್ಚಿದ್ದ.”

“ಮೊದಲ ಹಚ್ಚಿದ್ರ ಸಿನಿಮಾದಾಗ ಯಾಕ ಕಾಣಂಗಿಲ್ರಿ?”

ಕಚೇರಿಯಲ್ಲಿ ಎಲ್ಲರೂ ತಲೆದೂಗಿದರು. ಇಂಥ ತಲೆಗಳ ಮೇಲೆ ನಮ್ಮ ತೆರಿಗೆಯಿಂದ ಫ್ಯಾನು ತಿರುಗುತ್ತದೆ.

ಸಂಜೆ ಆದೇಶ ಹೊರಬಿತ್ತು: “ನಕ್ಷೆ ಇನ್ನೂ ಒಳಗಿದೆಯೇ ಎಂಬುದು ಕೂಸನ್ನು ಹಾಕಿ ತೂಗಿದರೆ ಮಾತ್ರ ಸದ್ದಿನಿಂದ ತಿಳಿಯುವುದರಿಂದ, ಸದರಿ ತೊಟ್ಟಿಲನ್ನು ಕೂಸುಳ್ಳ ಅಧಿಕಾರಿಯ ಮನೆಯಲ್ಲಿ ಪರೀಕ್ಷಾರ್ಥ ಇಡತಕ್ಕದ್ದು. ಆಪಾದಿತರ ಕೂಸುಗಳನ್ನು ಬಳಸತಕ್ಕದ್ದಲ್ಲ.” ಕಚೇರಿಯಲ್ಲಿ ಕೂಸಿದ್ದದ್ದು ಈರೇಶ ಅವರೊಬ್ಬರಿಗೇ. ಹಳೇ ಕಾಲದ ತೊಟ್ಟಿಲೇ ಬೇಕೆಂದು ಅವರು ಎರಡು ತಿಂಗಳಿಂದ ಊರೂರು ಅಲೆದಿದ್ದರು. ಕದಿಯುವುದಕ್ಕೆ ಇಷ್ಟು ಅಚ್ಚುಕಟ್ಟಾದ ಭಾಷೆ ಆ ಗೂಢಚಾರನಿಗೂ ಬರುತ್ತಿರಲಿಲ್ಲ.

ಮೈಲಾರವ್ವ ಸೆರಗೊಡ್ಡಿದಳು. “ಒಂದ ತಾಸು ಕೊಡ್ರಿ ಸಾಹೇಬ್ರ. ಹೆಸರಿಟ್ಟ ಕೂಡಲೇ ತಂದ ಕೊಡತೀವಿ.”

ಈರೇಶ ಅವರು ದೊಡ್ಡ ಮನಸ್ಸು ಮಾಡಿದರು. “ಇದು ಜಪ್ತಿ ಆಗೇತ್ರಿ. ಸಿನಿಮಾದಾಗಿನ ತೊಟ್ಲ ಜಪ್ತಿ ಆಗಿಲ್ಲ. ಅದ್ರಾಗ ಹಾಕ್ರಿ.”

ಹದಿಮೂರನೇ ದಿನ ಕಚೇರಿಯ ಸಭಾಭವನದಲ್ಲಿ ಪರದೆ ಕಟ್ಟಿದರು. ಸಿನಿಮಾದಲ್ಲಿ ತೊಟ್ಟಿಲು ಕಾಣುವುದು ನಲವತ್ತು ಸೆಕೆಂಡು. ಅಷ್ಟರೊಳಗೆ ಮುಗಿಸುವುದೆಂದು ಹೆಂಗಸರು ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತರು. ತೊಟ್ಟಿಲು ಬಂತು. ಸುಧಾರಾಣಿ ಕೂಸನ್ನು ಪರದೆಗೆ ಹಿಡಿದಳು, ಪಕ್ಕದ ಮನೆಯ ಬಸಕ್ಕ ಜೋಗುಳ ಎತ್ತಿದಳು. ಹಾಡಿನ ಎರಡನೇ ಸಾಲಿಗೇ ಗೂಢಚಾರ ಬಂದು ನಕ್ಷೆ ಇಟ್ಟ. ಕೂಸು ಚೀರಿತು. ಆ ಗದ್ದಲದಲ್ಲಿ ಇಟ್ಟ ಹೆಸರು ಯಾರಿಗೂ ಕೇಳಿಸಲಿಲ್ಲ.

ಗುಮಾಸ್ತ ಬರೆದುಕೊಂಡ: “ನಕ್ಷೆ ಇಡುವಾಗ ಕೂಸು ಅತ್ತಿರುತ್ತದೆ. ಕುಟುಂಬವು ತನಿಖೆಗೆ ಸಹಕರಿಸುತ್ತಿದೆ.”

ಮರುವಾರಕ್ಕೆ ಆ ನಲವತ್ತು ಸೆಕೆಂಡು ಕೋರಿ ಹನ್ನೊಂದು ಬಾಣಂತಿಯರ ಅರ್ಜಿಗಳು ಬಂದವು.

“ಛಲೋ ಆತು ಬಿಡ್ರಿ, ಕೂಸು ನನ್ನಂಗ ಮಲಗಲಿಲ್ಲ” ಎಂದು ಹೆಸರಿಟ್ಟ ದಿನವೇ ಮೈಲಾರವ್ವ ಮೊದಲು ಈರೇಶ ಅವರಿಗೆ, ಆಮೇಲೆ ಉಳಿದವರಿಗೆ ಸಕ್ಕರೆ ಹಂಚಿದಳು.