ಡ್ರೈವರ್ ಸಾಹೇಬರೊಡನೆ ಡ್ರೈವರ್ ಸಾಹೇಬರು

ನಮ್ಮ ಕಾಕಾನ ತಲೆ ಸ್ವಲ್ಪ ಸಡಿಲ ಎಂದು ಕಾರ್ಖಾನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಕಳೆದ ಸೋಮವಾರದವರೆಗೆ ನಾನೂ ಒಪ್ಪಿದ್ದೆ.

ಕಾಕಾ ನಮ್ಮ ಸ್ಟಾಫ್ ಬಸ್ಸಿನ ಡ್ರೈವರ್. ದಿನಾ ಬೆಳಿಗ್ಗೆ ಟಿಳಕವಾಡಿಯಲ್ಲಿ ನಮ್ಮನ್ನು ಹತ್ತಿಸಿಕೊಂಡು ಖಾನಾಪುರದ ಆಚೆಗಿನ ಕಾರ್ಖಾನೆಗೆ ಮುಟ್ಟಿಸುತ್ತಾನೆ. ಟೆನ್ಶನ್ ಬಂದರೆ ಬೇರೆಯವರು ಬೀಡಿ ಸೇದುತ್ತಾರೆ. ಇವನು ತನ್ನೊಡನೆ ತಾನೇ ಗಟ್ಟಿಯಾಗಿ ಮಾತಾಡುತ್ತಾನೆ. ಅದೂ ಮರ್ಯಾದೆ ಕೊಟ್ಟು!

ರೈಲ್ವೆ ಗೇಟು ಬಿದ್ದಿದೆ ಎನ್ನಿ. ಹಿಂದೆ ಹಾರ್ನ್, ಫೋನಿನಲ್ಲಿ ಮ್ಯಾನೇಜರರ ಬೈಗುಳ. ಕಾಕಾ ಶುರುಮಾಡುತ್ತಾನೆ:

"ಡ್ರೈವರ್ ಸಾಹೇಬ್ರ, ಗೇಟು ನಿಮ್ಮ ಕೈಯಾಗೈತೇನ್ರಿ?"

"ಇಲ್ರಿ."

"ಮ್ಯಾನೇಜರ್ ಬಾಯಿ?"

"ಅದು ಅವರ ಕೈಯಾಗೂ ಇಲ್ರಿ."

"ಮತ್ತ ನಿಮ್ಮ ಕೈಯಾಗೇನೈತಿ?"

"ಸ್ಟೇರಿಂಗ್ ಐತ್ರಿ."

"ಹಂಗಾರ ಅದನ್ನ ಹಿಡಕೊಂಡು ಸುಮ್ನ ಕುಂದರ್ರಿ."

"ಕಾಕಾ, ಕಾಲೇಜಿನ್ಯಾಗ ನಮಗ ಇದನ್ನ ಸ್ಟೋಯಿಕ್ ತತ್ವ ಅಂತ ಕಲಿಸಿದ್ರು. ಹಿಂದಕ ಗ್ರೀಕರು ಹೇಳಿದ್ದು," ಎಂದು ನಾನು ಒಮ್ಮೆ ಹೇಳಿದೆ.

"ಅವರೂ ಡ್ರೈವರ್ ಇದ್ರೇನು?"

"ಅದಿರ್ಲಿ, ನಿನಗ ನೀನ ಸಾಹೇಬ್ರ ಅನ್ನೋದ್ಯಾಕ?"

"ಇಡೀ ಬಸ್ಸು 'ಏ ಡ್ರೈವರ್' ಅಂತೈತಿ ತಂಗಿ. ಒಬ್ಬರರ ಸಾಹೇಬ್ರ ಅನಬೇಕಲ್ಲ?"

ಸೋಮವಾರ, ಖಾನಾಪುರ ಇನ್ನೇನು ಬಂತು ಎನ್ನುವಾಗ, ಇಳಿಜಾರಿನಲ್ಲಿ ಬ್ರೇಕ್ ಹೋಯಿತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್. ಇದನ್ನು ಬರೆಯುವಾಗಲೂ ನನ್ನ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿದೆ. ಎಲ್ಲರೂ ಚೀರುತ್ತಿದ್ದೆವು. ಒಂದೇ ಒಂದು ದನಿ ಸಮಾಧಾನವಾಗಿತ್ತು.

"ಡ್ರೈವರ್ ಸಾಹೇಬ್ರ, ಬ್ರೇಕ್ ನಿಮ್ಮ ಕೈಯಾಗೈತೇನ್ರಿ?"

"ಬ್ರೇಕ್ ಕಾಲಾಗಿರತೈತೋ ಮಾರಾಯಾ!" ಎಂದು ಹಿಂದಿನಿಂದ ಅಕೌಂಟ್ಸಿನವರು ಕೂಗಿದರು. ಸಾಯುವ ಹೊತ್ತಿಗೂ ತಪ್ಪು ತಿದ್ದುವವರು!

"ಇಲ್ರಿ. ಗೇರ್ ಐತ್ರಿ," ಎಂದು ಕಾಕಾ ತನಗೆ ತಾನೇ ಉತ್ತರ ಕೊಟ್ಟ.

ಗೇರ್ ಇಳಿಯಿತು. ಬಸ್ಸು ನಮಗಿಂತ ಜೋರಾಗಿ ಚೀರಿತು.

"ಬಾಜೂಕಿನ ಹುಲ್ಲಿನ ಬಣವಿ?"

ಕಾಕಾ ಒಮ್ಮೆ ಟ್ರ್ಯಾಕ್ಟರ್ ನೋಡಿದ, ಒಮ್ಮೆ ಬಣವೆ ನೋಡಿದ.

"ಐತ್ರಿ."

ಬಸ್ಸು ರಸ್ತೆ ಬಿಟ್ಟು ಹೊಲಕ್ಕಿಳಿದು, ಬಣವೆಯೊಳಗೆ ಅರ್ಧ ಹೊಕ್ಕು ನಿಂತಿತು. ಹೊಲದ ಯಜಮಾನ ಮರಾಠಿಯಲ್ಲಿ ಬೈಯುತ್ತ ಓಡಿಬಂದವನು, ನಮ್ಮ ಮುಖ ನೋಡಿ ನೀರು ತರಲು ಹೋದ. ಯಾರಿಗೂ ಏನೂ ಆಗಿರಲಿಲ್ಲ. ಎಲ್ಲರೂ ಇಳಿದರು.

ಕಾಕಾ ಇಳಿಯಲಿಲ್ಲ. ಎರಡೂ ಕೈ ಸ್ಟೇರಿಂಗ್ ಬಿಡುತ್ತಿರಲಿಲ್ಲ. ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. "ಕಾಕಾ" ಎಂದೆ. ಕೇಳಿಸಲಿಲ್ಲ.

ನಾನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ.

"ಡ್ರೈವರ್ ಸಾಹೇಬ್ರ, ಎಲ್ಲಾರೂ ಇಳದಾರ್ರಿ. ಇನ್ನ ನೀವೂ ಇಳೀರಿ."

ಕಾಕಾ ನನ್ನತ್ತ ತಿರುಗಿದ.

"ಹೂನ್ರಿ," ಎಂದು, ಸ್ಟೇರಿಂಗ್ ಬಿಟ್ಟು ನನ್ನ ಕೈ ಹಿಡಿದುಕೊಂಡ.